ವಯಸ್ಸಾದ, ಹಳೆಯ ಗಾಯವಿರುವ ನಾಯಿಗೆ ಮನೆ ಹುಡುಕುವುದು ಹೇಗೆ?

ವಾಹನಕ್ಕೆ ಸಿಕ್ಕಿಯೋ, ಹೊಡೆತ ತಿಂದೋ, ಬೇರೆ ನಾಯಿಗಳ ಕಡಿತದಿಂದಲೋ ಗಾಯಗೊಂಡ ನಾಯಿಗಳನ್ನು ಎತ್ತಿ ತಂದು ಚಿಕಿತ್ಸೆ ಕೊಡಿಸುವವರು ಕರ್ನಾಟಕದ ಬಹುತೇಕ ಎಲ್ಲ ಊರುಗಳಲ್ಲೂ ಇದ್ದಾರೆ. ಮೂಳೆ ಕೂಡಿಕೊಂಡು, ಹೊಲಿಗೆ ಬಿಚ್ಚಿ, ನಾಯಿ ಮತ್ತೆ ಹಸಿವೆಯಿಂದ ತಟ್ಟೆ ನೆಕ್ಕುವ ಹೊತ್ತಿಗೆ, ಅದನ್ನು ಇನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಅವರೆಲ್ಲರಿಗೂ ಎದುರಾಗುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿಸಬೇಕು. ಆದರೆ ಸೊಂಟದ ಮೂಳೆ ಮುರಿದು ಕೂಡಿಕೊಂಡ ಒಂಬತ್ತು ವರ್ಷದ ನಾಯಿ ಎದುರಿಗೆ ಬರುವ ಬಸ್ಸಿನಿಂದ ತಪ್ಪಿಸಿಕೊಳ್ಳಲಾರದು, ತಾನಿಲ್ಲದಾಗ ಬೀದಿಯನ್ನು ಹಿಡಿದುಕೊಂಡ ಎಳೆಯ ನಾಯಿಗಳೊಂದಿಗೆ ಅನ್ನಕ್ಕಾಗಿ ಕಾದಾಡಲೂ ಆರದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿರುವುದರಿಂದ, ಅಂಥ ಜಾಗಗಳಲ್ಲೇ ವರ್ಷಾನುಗಟ್ಟಲೆ ಬದುಕಿದ್ದ ಮುದಿ ನಾಯಿಗಳಿಗೆ ಹಿಂದಿರುಗುವ ದಾರಿ ಇನ್ನಷ್ಟು ಕಿರಿದಾಗಿದೆ. ಹೀಗಾಗಿ ಇಂಥ ನಾಯಿಗೆ ಉಳಿಯುವುದು ಒಂದು ಮನೆ, ಇಲ್ಲವೇ ಜೀವನಪರ್ಯಂತ ಆಶ್ರಯಧಾಮದ ಗೂಡು.

ಮನೆ ಸಿಗುವುದು ಸುಲಭವಲ್ಲ. ನಾಯಿ ಬೇಕೆನ್ನುವವರಲ್ಲಿ ಹೆಚ್ಚಿನವರು ಮರಿಯನ್ನು ಕೇಳುತ್ತಾರೆ, ಹಲವರು ಜಾತಿ ನಾಯಿಯನ್ನೇ ಕೇಳುತ್ತಾರೆ. ವಯಸ್ಸಾದ, ಕುಂಟುವ ನಾಟಿ ನಾಯಿ ಈ ಎರಡು ಸಾಲಿನಲ್ಲೂ ಕೊನೆಗೆ ನಿಲ್ಲುತ್ತದೆ. ಇಂಥ ಸ್ಥಿತಿಯಲ್ಲಿ ನಾಯಿಯ ದೋಷಗಳನ್ನು ಮರೆಮಾಚಿ ಯಾರಿಗಾದರೂ ಒಪ್ಪಿಸಿಬಿಡುವ ಆಸೆ ಸಹಜವಾಗಿ ಹುಟ್ಟುತ್ತದೆ, ಕರುಣೆಯ ಕಥೆ ಹೇಳಿ ಒಪ್ಪಿಸುವ ಆಸೆಯೂ ಹುಟ್ಟುತ್ತದೆ. ಎರಡೂ ದಾರಿಗಳಲ್ಲಿ ಹೋದ ನಾಯಿ ಮರಳಿ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಮರುಕ ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ, ಮುಚ್ಚಿಟ್ಟ ಸಂಗತಿ ಅಷ್ಟರಲ್ಲಿ ಬಯಲಾಗುತ್ತದೆ. ನಾಯಿಯ ಇತಿಮಿತಿಗಳನ್ನು ಪೂರ್ತಿಯಾಗಿ ತಿಳಿದುಕೊಂಡು, ಅವನ್ನು ಬಿಚ್ಚಿ ಹೇಳಿ, ಆ ಇತಿಮಿತಿಗಳಿಗೆ ಹೊಂದುವ ಮನೆಯನ್ನೇ ಅರಸುವುದು ಬಾಳುವ ವಿಧಾನ. ಅದಕ್ಕೆ ಬೇಕಾದ ಹಂತಗಳನ್ನು ಮುಂದೆ ವಿವರಿಸಲಾಗಿದೆ.

ಹಂತ 1: ಆರೋಗ್ಯದ ಪೂರ್ಣ ಚಿತ್ರ ಪಡೆಯುವುದು

ಮನೆ ಹುಡುಕಲು ಹೊರಡುವ ಮೊದಲು ನಾಯಿಯನ್ನು ತಲೆಯಿಂದ ಬಾಲದವರೆಗೆ ಪಶುವೈದ್ಯರಿಂದ ತಪಾಸಣೆ ಮಾಡಿಸಬೇಕು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ ಹಾಗೂ ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿವಿಧ ವಿಭಾಗಗಳ ತಜ್ಞರು ಒಂದೇ ಕಡೆ ಸಿಗುವುದರಿಂದ, ಹಳೆಯ ಮೂಳೆ ಮುರಿತದಂಥ ಜಟಿಲ ಪ್ರಕರಣಗಳಿಗೆ ಅವು ಅನುಕೂಲಕರ. ಹಳೆಯ ಗಾಯದ ಜಾಗಕ್ಕೆ ಹೊಸದಾಗಿ ಎಕ್ಸ್-ರೇ ತೆಗೆಸಿದರೆ ಮೂಳೆ ಸರಿಯಾಗಿ ಕೂಡಿದೆಯೇ, ಒಳಗೆ ಹಾಕಿದ ಪ್ಲೇಟ್ ಅಥವಾ ಸರಳು ಸಡಿಲಗೊಂಡಿದೆಯೇ, ಸಂಧಿಯಲ್ಲಿ ಸವೆತ ಆರಂಭವಾಗಿದೆಯೇ ಎಂಬುದು ತಿಳಿಯುತ್ತದೆ. ಕೀಲಿನ ಮೃದ್ವಸ್ಥಿ ಸವೆದು ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜುವ ಈ ಸ್ಥಿತಿಯನ್ನು ಆಸ್ಟಿಯೋ ಆರ್ಥ್ರೈಟಿಸ್ ಅಥವಾ ಸಂಧಿವಾತ ಎನ್ನುತ್ತಾರೆ. ಅಪಘಾತದಲ್ಲಿ ಪೆಟ್ಟಾದ ಕೀಲಿನಲ್ಲಿ ಇದು ಬೇಗ ತಲೆದೋರುತ್ತದೆ.

ರಕ್ತ ಪರೀಕ್ಷೆಯೂ ಅಷ್ಟೇ ಮುಖ್ಯ. ಮೂತ್ರಪಿಂಡದ ಸ್ಥಿತಿಯನ್ನು ಸೂಚಿಸುವ ಕ್ರಿಯಾಟಿನಿನ್, ಯಕೃತ್ತಿನ ಕಿಣ್ವಗಳು, ರಕ್ತಕಣಗಳ ಎಣಿಕೆ ಇವಿಷ್ಟನ್ನು ನೋಡಿಸಲೇಬೇಕು. ಉಣ್ಣೆಗಳು ಹರಡುವ ಎರ್ಲಿಕಿಯಾ ಮತ್ತು ಬೆಬಿಸಿಯಾ ಎಂಬ ಸೂಕ್ಷ್ಮಜೀವಿಗಳಿಂದ ಬರುವ ಉಣ್ಣೆ ಜ್ವರ ನಮ್ಮ ನಾಡಿನ ನಾಯಿಗಳಲ್ಲಿ ಸಾಮಾನ್ಯವಾದುದರಿಂದ ಅದಕ್ಕೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೊರಗೆ ಯಾವ ಲಕ್ಷಣವೂ ಕಾಣದೆ ತಿಂಗಳುಗಟ್ಟಲೆ ಒಳಗೇ ಉಳಿದು, ಹೊಸ ಮನೆಗೆ ಹೋದ ಮೇಲೆ ಉಲ್ಬಣಿಸುವ ರೋಗವಿದು. ಹಲ್ಲುಗಳ ಮೇಲೆ ಕಟ್ಟಿದ ಪಾಚಿ, ಕಣ್ಣಿನ ಪೊರೆ, ಕಿವಿಯ ಸೋಂಕು, ಹೃದಯದ ಬಡಿತ ಎಲ್ಲವೂ ತಪಾಸಣೆಯ ಪಟ್ಟಿಯಲ್ಲಿರಬೇಕು. ಡಿಸ್ಟೆಂಪರ್ ಎಂಬ ವೈರಾಣು ರೋಗ ಬಂದು ಬದುಕುಳಿದ ನಾಯಿಯ ಕಾಲು ಅಥವಾ ತಲೆ ನಿದ್ರೆಯಲ್ಲೂ ಸಣ್ಣಗೆ ಅದುರುತ್ತಿರುವುದುಂಟು. ನೋಡುವವರು ಅದನ್ನು ಚಳಿಯೆಂದೋ ಹೆದರಿಕೆಯೆಂದೋ ಭಾವಿಸುವುದರಿಂದ, ಅದರ ಕಾರಣವನ್ನು ವೈದ್ಯರಿಂದ ಬರೆಸಿಟ್ಟುಕೊಳ್ಳುವುದು ಉಪಯುಕ್ತ.

ರಕ್ಷಿಸಿದ ನಾಯಿಯ ನಿಖರವಾದ ವಯಸ್ಸು ಯಾರಿಗೂ ತಿಳಿದಿರುವುದಿಲ್ಲ. ಹಲ್ಲುಗಳ ಸವೆತ, ಮೂತಿಯ ನರೆ, ಕಣ್ಣಿನ ಮಸುಕು ನೋಡಿ ವೈದ್ಯರು ಹೇಳುವ ಸಂಖ್ಯೆ ಅಂದಾಜು ಮಾತ್ರ, ಕಲ್ಲು ಕಡಿದು ಹಲ್ಲು ಸವೆಸಿಕೊಂಡ ಬೀದಿ ನಾಯಿಯಲ್ಲಿ ಆ ಅಂದಾಜು ಮತ್ತಷ್ಟು ತಪ್ಪಬಹುದು. ಆದ್ದರಿಂದ ವಯಸ್ಸನ್ನು ಒಂದೇ ಸಂಖ್ಯೆಯಾಗಿ ಹೇಳದೆ, 8ರಿಂದ 10 ಎಂಬಂತೆ ವ್ಯಾಪ್ತಿಯಾಗಿ ಹೇಳುವುದೇ ಪ್ರಾಮಾಣಿಕ ಕ್ರಮ. ಸಂತಾನಹರಣ ಆಗಿರದಿದ್ದರೆ ಅರಿವಳಿಕೆ ತಡೆದುಕೊಳ್ಳುವ ಶಕ್ತಿ ನಾಯಿಗೆ ಇದೆಯೇ ಎಂದು ಖಚಿತಪಡಿಸಿಕೊಂಡು ಮಾಡಿಸಬೇಕು. ಒಂದು ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಅದು ಈಗಾಗಲೇ ಆಗಿದೆ ಎಂದರ್ಥ. ರೇಬಿಸ್ ಲಸಿಕೆ, ಡಿಸ್ಟೆಂಪರ್ ಹಾಗೂ ಪಾರ್ವೊ ಮುಂತಾದ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆ, ಜಂತುಹುಳುವಿನ ಔಷಧ ಇವುಗಳ ದಿನಾಂಕಗಳಿರುವ ಲಸಿಕಾ ಪುಸ್ತಕವನ್ನು ನಾಯಿಯ ಹೆಸರಿನಲ್ಲೇ ಮಾಡಿಸಬೇಕು.

ಹಂತ 2: ನೋವನ್ನು ಹತೋಟಿಗೆ ತರುವುದು

ನೋವಿನಲ್ಲಿರುವ ನಾಯಿಯ ನಿಜವಾದ ಸ್ವಭಾವ ಹೊರಗೆ ಕಾಣುವುದಿಲ್ಲ. ನಾಯಿಗಳು ನೋವನ್ನು ಕೂಗಿ ಹೇಳುವುದು ಅಪರೂಪ, ಅದನ್ನು ಅವುಗಳ ನಡವಳಿಕೆಯಲ್ಲಿ ಓದಬೇಕಾಗುತ್ತದೆ. ಹಿಂಗಾಲು ಮುರಿದು ಕೂಡಿದ ನಾಯಿಯೊಂದು ಮನೆಯ ಟೈಲ್ಸ್ ನೆಲದಿಂದ ಏಳುವುದನ್ನು ಗಮನಿಸಿದರೆ ಬಹಳಷ್ಟು ತಿಳಿಯುತ್ತದೆ: ಮೊದಲು ಮುಂಗಾಲುಗಳನ್ನು ಊರಿ ಎದೆಯನ್ನು ಎತ್ತುತ್ತದೆ, ಕ್ಷಣಕಾಲ ಹಾಗೆಯೇ ಕೂತು ಭಾರವನ್ನು ಒಳ್ಳೆಯ ಕಾಲಿನ ಕಡೆಗೆ ವಾಲಿಸುತ್ತದೆ, ಹಿಂಗಾಲುಗಳು ನುಣುಪಿನ ಮೇಲೆ ಎರಡು ಕಡೆಗೆ ಜಾರುವಾಗ ಉಗುರುಗಳಿಂದ ನೆಲವನ್ನು ಕೆರೆದು ಹಿಡಿತ ಹುಡುಕುತ್ತದೆ, ನಿಂತ ಮೇಲೂ ಮೊದಲ ನಾಲ್ಕಾರು ಹೆಜ್ಜೆಗಳನ್ನು ಮರದ ಕೊರಡಿನಂತೆ ಬಿಗಿಯಾಗಿಡುತ್ತದೆ. ಅದೇ ನಾಯಿ ಗೋಣಿಚೀಲದ ಮೇಲಿಂದ ಒಂದೇ ಪ್ರಯತ್ನಕ್ಕೆ ಎದ್ದರೆ ತೊಂದರೆಯ ಬಹುಪಾಲು ನೆಲದಲ್ಲಿದೆ, ಅಲ್ಲಿಯೂ ಒದ್ದಾಡಿದರೆ ಕೀಲಿನಲ್ಲಿದೆ. ಒಂದೇ ಜಾಗವನ್ನು ನೆಕ್ಕುತ್ತಲೇ ಇರುವುದು, ರಾತ್ರಿಯಿಡೀ ಮಗ್ಗುಲು ಬದಲಿಸುವುದು, ಮೆಟ್ಟಿಲ ಮುಂದೆ ನಿಂತು ಹಿಂದೆ ಸರಿಯುವುದು, ಸೊಂಟದ ಮೇಲೆ ಕೈಯಿಟ್ಟರೆ ಗುರುಗುಟ್ಟುವುದು ಇವೆಲ್ಲ ನೋವಿನ ಲಕ್ಷಣಗಳೇ.

ಉರಿಯೂತ ತಗ್ಗಿಸುವ ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂಥ ಔಷಧಗಳನ್ನು ಪಶುವೈದ್ಯರು ಮೂತ್ರಪಿಂಡ ಹಾಗೂ ಯಕೃತ್ತಿನ ವರದಿ ನೋಡಿದ ಮೇಲೆ ನಾಯಿಯ ತೂಕಕ್ಕೆ ಅನುಗುಣವಾಗಿ ನೀಡುತ್ತಾರೆ. ಮನುಷ್ಯರು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೇ ಕೆಡಿಸಬಲ್ಲವಾದ್ದರಿಂದ ಅವನ್ನು ಎಂದಿಗೂ ಕೊಡಬಾರದು, ಪ್ಯಾರಾಸಿಟಮಾಲ್ ಅನ್ನೂ ಸ್ವಂತ ಬುದ್ಧಿಯಿಂದ ಕೊಡಬಾರದು. ಔಷಧಿಯಷ್ಟೇ ಫಲ ಕೊಡುವುದು ತೂಕದ ನಿಯಂತ್ರಣ. ಮೂರು ಕಾಲಿನ ನಾಯಿ ನಾಲ್ಕು ಕಾಲಿನ ಭಾರವನ್ನು ಮೂರರ ಮೇಲೆ ಹೊರುವುದರಿಂದ ಅದು ತೆಳ್ಳಗಿದ್ದಷ್ಟೂ ಉಳಿದ ಕೀಲುಗಳು ಹೆಚ್ಚು ಕಾಲ ಬಾಳುತ್ತವೆ. ನವಿರಾಗಿ ಸವರಿದಾಗ ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಒಳಸರಿದಿರಬೇಕು.

ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲುಗಳ ಸ್ವಾಧೀನ ತಪ್ಪಿದ ನಾಯಿಗಳದ್ದು ಬೇರೆಯೇ ಲೆಕ್ಕ. ಗಾಲಿಕುರ್ಚಿ ಕಟ್ಟಿದರೆ ಅವು ಸಂತೋಷವಾಗಿಯೇ ಓಡಾಡುತ್ತವೆ, ಆದರೆ ಅವುಗಳಲ್ಲಿ ಹಲವಕ್ಕೆ ದಿನಕ್ಕೆ ಮೂರು ನಾಲ್ಕು ಬಾರಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೂತ್ರಕೋಶವನ್ನು ಖಾಲಿ ಮಾಡಿಸಬೇಕಾಗುತ್ತದೆ. ಮೂತ್ರ ಉಳಿದರೆ ಸೋಂಕಾಗುತ್ತದೆ, ಒಂದೇ ಮಗ್ಗುಲಲ್ಲಿ ಮಲಗಿದರೆ ಹಾಸಿಗೆ ಹುಣ್ಣಾಗುತ್ತದೆ. ಈ ಕೆಲಸಗಳನ್ನು ಮುಂದೆ ನಾಯಿಯನ್ನು ತೆಗೆದುಕೊಳ್ಳುವವರಿಗೆ ಕಲಿಸಬೇಕಾದರೆ, ರಕ್ಷಿಸಿದವರು ಮೊದಲು ವೈದ್ಯರಿಂದ ತಾವೇ ಸರಿಯಾಗಿ ಕಲಿತಿರಬೇಕು.

ಹಂತ 3: ಸ್ವಭಾವವನ್ನು ಮನೆಯೊಳಗೆ ಅರಿಯುವುದು

ಆಸ್ಪತ್ರೆಯ ಗೂಡಿನಲ್ಲಿ ಮೂಲೆ ಹಿಡಿದು ಕೂತ ನಾಯಿ ಮನೆಯಲ್ಲಿ ಬೇರೆಯೇ ಆಗಿರುತ್ತದೆ. ಹಾಗಾಗಿ ಶಾಶ್ವತ ಮನೆ ಸಿಗುವವರೆಗೆ ನಾಯಿಯನ್ನು ಯಾರಾದರೂ ತಮ್ಮ ಮನೆಯಲ್ಲಿ ತಾತ್ಕಾಲಿಕವಾಗಿ ಇರಿಸಿಕೊಳ್ಳುವ, ಪ್ರಾಣಿಪ್ರಿಯರು ಫಾಸ್ಟರ್ ಎಂದು ಕರೆಯುವ ಏರ್ಪಾಡು ಬಹಳ ಉಪಯುಕ್ತ. ಎರಡು ಮೂರು ವಾರಗಳ ಇಂಥ ವಾಸದಲ್ಲಿ ನಾಯಿ ಎಲ್ಲಿ ಮಲಮೂತ್ರ ಮಾಡುತ್ತದೆ, ಒಬ್ಬಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು, ಕುಕ್ಕರ್ ಸೀಟಿಗೆ, ಪೊರಕೆಗೆ, ಹೆಲ್ಮೆಟ್ ಹಾಕಿದವರಿಗೆ, ಕೋಲು ಹಿಡಿದವರಿಗೆ ಹೆದರುತ್ತದೆಯೇ, ಬೆಕ್ಕು, ಕೋಳಿ, ಮಕ್ಕಳು ಹಾಗೂ ಬೇರೆ ನಾಯಿಗಳೊಂದಿಗೆ ಹೇಗಿರುತ್ತದೆ ಎಂಬುದನ್ನು ದಿನವೂ ಬರೆದಿಡಬೇಕು. ವಾಹನ ಢಿಕ್ಕಿಯಾದ ನಾಯಿಗಳಲ್ಲಿ ಕೆಲವು ದ್ವಿಚಕ್ರ ವಾಹನದ ಸದ್ದಿಗೆ ನಡುಗಿ ಕುಸಿಯುತ್ತವೆ, ಮತ್ತೆ ಕೆಲವು ಅದರ ಬೆನ್ನಟ್ಟುತ್ತವೆ; ಎರಡನೆಯ ಬಗೆಯ ನಾಯಿಗೆ ಗೇಟು ಭದ್ರವಾಗಿರುವ ಮನೆಯೇ ಬೇಕು.

ಅನ್ನದ ತಟ್ಟೆಯ ಬಳಿ ಯಾರಾದರೂ ಬಂದರೆ ಗುರುಗುಟ್ಟುವುದು, ನೋವಿದ್ದ ಜಾಗ ಮುಟ್ಟಿದರೆ ಹಲ್ಲು ತೋರಿಸುವುದು ಇವು ಕೆಟ್ಟ ನಾಯಿಯ ಗುರುತುಗಳಲ್ಲ. ಹಸಿವು ಹಾಗೂ ನೋವು ಕಲಿಸಿದ ಪಾಠಗಳವು, ಎಚ್ಚರಿಕೆಯ ಮಾತುಗಳು. ಆದರೂ ಅವನ್ನು ದಾಖಲಿಸಿ ಹೇಳಲೇಬೇಕು. ನಾಯಿ ಯಾರನ್ನಾದರೂ ಕಚ್ಚಿದ್ದಿದ್ದರೆ ಯಾವಾಗ, ಯಾವ ಸಂದರ್ಭದಲ್ಲಿ, ಎಷ್ಟು ಆಳವಾಗಿ ಎಂಬುದನ್ನೂ ಮುಚ್ಚಿಡಬಾರದು.

ಹಂತ 4: ನಿಜವನ್ನೇ ಹೇಳುವ ಪರಿಚಯ ಬರೆಯುವುದು

ಮನೆ ಹುಡುಕುವ ಪ್ರಕಟಣೆಗೆ ಮೂರು ನಾಲ್ಕು ಸ್ಪಷ್ಟ ಚಿತ್ರಗಳು ಹಾಗೂ ಒಂದು ಕಿರು ವಿಡಿಯೊ ಸಾಕು. ಹಗಲಿನ ಬೆಳಕಿನಲ್ಲಿ, ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು ತೆಗೆದ ಮುಖದ ಚಿತ್ರವೊಂದು, ಪಕ್ಕದಿಂದ ಪೂರ್ತಿ ಮೈ ಕಾಣುವ ಚಿತ್ರವೊಂದು, ಗಾಯದ ಕಲೆ ಅಥವಾ ಇಲ್ಲದ ಕಾಲು ಕಾಣುವ ಚಿತ್ರವೊಂದು ಇರಲಿ. ವಿಡಿಯೊದಲ್ಲಿ ನಾಯಿ ನಡೆಯುವ ರೀತಿ ಕಾಣಬೇಕು, ಏಕೆಂದರೆ ಕುಂಟು ಎಂಬ ಪದ ಓದಿದವರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವುದು ಸಾಮಾನ್ಯವಾಗಿ ವಾಸ್ತವಕ್ಕಿಂತ ಹೆಚ್ಚು ಭೀಕರವಾಗಿರುತ್ತದೆ. ಅಪಘಾತವಾದ ದಿನದ ರಕ್ತಸಿಕ್ತ ಚಿತ್ರಗಳನ್ನು ಹಾಕುವುದು ಬೇಡ. ಅವು ಹಣ ಸಂಗ್ರಹಿಸಲು ನೆರವಾಗಬಹುದೇ ಹೊರತು ಈ ನಾಯಿಯೊಂದಿಗೆ ದಿನ ಕಳೆಯುವುದು ಹೇಗಿರುತ್ತದೆ ಎಂಬುದನ್ನು ತೋರಿಸುವುದಿಲ್ಲ.

ಪರಿಚಯದ ಬರಹ ಈ ಮಾದರಿಯಲ್ಲಿರಬಹುದು: "ಹೆಸರು ಗುಂಡ. ನಾಟಿ ಗಂಡು ನಾಯಿ, ವಯಸ್ಸು ಅಂದಾಜು 8ರಿಂದ 10, ತೂಕ 17 ಕೆ.ಜಿ. ಸಂತಾನಹರಣ ಮತ್ತು ಲಸಿಕೆ ಆಗಿದೆ. ಹಿಂದಿನ ಎಡಗಾಲಿನ ತೊಡೆಮೂಳೆ ಮುರಿದಿದ್ದರಿಂದ ಪ್ಲೇಟ್ ಹಾಕಲಾಗಿದೆ. ಸಮತಟ್ಟಾದ ಜಾಗದಲ್ಲಿ 20 ನಿಮಿಷ ಆರಾಮವಾಗಿ ನಡೆಯುತ್ತಾನೆ, ಮೆಟ್ಟಿಲು ಇಳಿಯಲಾರ. ಚಳಿಗಾಲದಲ್ಲಿ ನೋವಿನ ಔಷಧ ಬೇಕಾಗುತ್ತದೆ. ಹೆಣ್ಣು ನಾಯಿಗಳೊಂದಿಗೆ ಹೊಂದಿಕೊಳ್ಳುತ್ತಾನೆ, ಬೆಕ್ಕು ಕಂಡರೆ ಅಟ್ಟಿಸುತ್ತಾನೆ. ಸೊಂಟ ಮುಟ್ಟಿದರೆ ಗುರ್ ಎನ್ನುವುದರಿಂದ ಚಿಕ್ಕ ಮಕ್ಕಳಿರುವ ಮನೆ ಬೇಡ. ಬೆಳಗಿನ ಕಾಫಿ ಹೊತ್ತಿಗೆ ಬಾಗಿಲ ಬಳಿ ಕೂತು ಬೀದಿ ನೋಡುವುದೆಂದರೆ ಇಷ್ಟ." ಇಲ್ಲಿ ಅಳಿಸುವ ಮಾತಿಲ್ಲ, ಬೇಡಿಕೊಳ್ಳುವ ಮಾತೂ ಇಲ್ಲ, ಓದಿದವರಿಗೆ ಗುಂಡ ತಮ್ಮ ಮನೆಗೆ ಹೊಂದುತ್ತಾನೋ ಇಲ್ಲವೋ ಎಂದು ತೀರ್ಮಾನಿಸಲು ಬೇಕಾದಷ್ಟು ವಿವರವಿದೆ. ತಿಂಗಳ ಔಷಧ, ಆಹಾರ, ವರ್ಷಕ್ಕೆರಡು ಬಾರಿಯ ತಪಾಸಣೆ ಇವುಗಳ ಈವರೆಗಿನ ಖರ್ಚಿನ ಲೆಕ್ಕವನ್ನೂ ಆಸಕ್ತರಿಗೆ ತಿಳಿಸಬೇಕು.

ಹಂತ 5: ಎಲ್ಲಿ, ಯಾರಲ್ಲಿ ಹುಡುಕುವುದು

ವಯಸ್ಸಾದ ನಾಯಿಗೆ ಹೊಂದುವ ಮನೆ ಮರಿಗೆ ಹೊಂದುವ ಮನೆಗಿಂತ ಭಿನ್ನ. ನಿವೃತ್ತ ದಂಪತಿ, ಮನೆಯಿಂದಲೇ ಕೆಲಸ ಮಾಡುವವರು, ಹಿಂದೆ ಮುದಿ ನಾಯಿಯನ್ನು ಕೊನೆಯವರೆಗೆ ನೋಡಿಕೊಂಡವರು, ಮರಿಯ ತುಂಟಾಟ ಸಂಭಾಳಿಸಲು ವ್ಯವಧಾನ ಇಲ್ಲದವರು ಇಂಥ ನಾಯಿಯೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ಪ್ರಾಯದ ನಾಯಿಯಂತೆ ದಿನಕ್ಕೆ ಗಂಟೆಗಟ್ಟಲೆ ಓಡಾಟ ಇದಕ್ಕೆ ಬೇಡ, ಇದು ಚಪ್ಪಲಿ ಕಚ್ಚುವ ವಯಸ್ಸನ್ನು ದಾಟಿರುತ್ತದೆ, ಇದರ ಗಾತ್ರ ಮತ್ತು ಸ್ವಭಾವ ಎರಡೂ ಈಗಾಗಲೇ ನಿಶ್ಚಿತವಾಗಿರುತ್ತವೆ. ಈ ಅನುಕೂಲಗಳನ್ನು ಸಂಕೋಚವಿಲ್ಲದೆ ಹೇಳಬಹುದು.

ಹುಡುಕಾಟವನ್ನು ಹತ್ತಿರದಿಂದ ಆರಂಭಿಸುವುದು ಜಾಣತನ. ನಾಯಿ ಬದುಕಿದ್ದ ಬೀದಿಯಲ್ಲೇ ಅದಕ್ಕೆ ಅನ್ನ ಹಾಕುತ್ತಿದ್ದವರು ಇರುತ್ತಾರೆ. ಔಷಧದ ಖರ್ಚನ್ನು ಯಾರಾದರೂ ಹಂಚಿಕೊಂಡರೆ ಮನೆಯೊಳಗೆ ಸೇರಿಸಿಕೊಳ್ಳಲು ಅವರು ಒಪ್ಪುವುದುಂಟು. ಚಿಕಿತ್ಸೆ ನೀಡಿದ ಪಶುವೈದ್ಯರಿಗೆ, ಇತ್ತೀಚೆಗೆ ತಮ್ಮ ನಾಯಿಯನ್ನು ಕಳೆದುಕೊಂಡ ಅನುಭವಸ್ಥ ಕುಟುಂಬಗಳ ಪರಿಚಯವಿರುತ್ತದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳ ಸಲಹೆ ಪಡೆಯಬಹುದು. ಆದರೆ ಆಶ್ರಯಧಾಮಗಳು ಸದಾ ತುಂಬಿರುವುದರಿಂದ ನಾಯಿಯನ್ನು ಅಲ್ಲಿ ಬಿಟ್ಟು ಹೋಗುವ ಬದಲು ಫಾಸ್ಟರ್ ಮನೆಯಲ್ಲಿಟ್ಟುಕೊಂಡು ಅವರ ದತ್ತು ಶಿಬಿರಗಳಿಗೆ ಕರೆದೊಯ್ಯುವುದು ಒಳ್ಳೆಯದು. ಜನಸಂದಣಿಗೆ ಗಾಬರಿಯಾಗುವ ನಾಯಿಯಾದರೆ ಶಿಬಿರಕ್ಕೆ ಚಿತ್ರ, ವಿಡಿಯೊ ಕಳಿಸಿದರೆ ಸಾಕು. ಬೀದಿ ನಾಯಿಯನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅರ್ಜಿದಾರರ ಹೊಣೆಯೆಂದೂ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರು ಊರಿನ ನಾಯಿಯೊಂದಕ್ಕೆ ಮನೆ ಕೊಡಲು ಮುಂದೆ ಬರುವುದುಂಟು. ಆದರೆ ಕೆನಡಾ 2022ರ ಸೆಪ್ಟೆಂಬರ್ 28ರಿಂದ ಭಾರತವೂ ಸೇರಿದಂತೆ ರೇಬಿಸ್ ಅಪಾಯ ಹೆಚ್ಚಿರುವ ದೇಶಗಳಿಂದ ದತ್ತುವಿಗಾಗಿ ನಾಯಿಗಳನ್ನು ತರುವುದನ್ನು ನಿಷೇಧಿಸಿದೆ. ಹೊರಗಿನಿಂದ ನಾಯಿ ತರುವ ಬಗ್ಗೆ ಅಮೆರಿಕದ ಬಿಗಿಯಾದ ನಿಯಮಗಳು 2024ರ ಆಗಸ್ಟ್ 1ರಿಂದ ಜಾರಿಯಲ್ಲಿವೆ. ಐರೋಪ್ಯ ಒಕ್ಕೂಟಕ್ಕೆ ಹೋಗಬೇಕಾದರೆ ಚರ್ಮದಡಿ ಇಡುವ ಗುರುತಿನ ಚಿಪ್, ರೇಬಿಸ್ ಲಸಿಕೆ, ಲಸಿಕೆಯಿಂದ ಸಾಕಷ್ಟು ಪ್ರತಿಕಾಯ ಬೆಳೆದಿದೆಯೆಂದು ತೋರಿಸುವ ರಕ್ತ ಪರೀಕ್ಷೆ, ಅದಾದ ಮೇಲೆ ಮೂರು ತಿಂಗಳ ಕಾಯುವಿಕೆ ಇಷ್ಟೂ ಬೇಕು. ದೀರ್ಘ ವಿಮಾನಯಾನದ ದಣಿವನ್ನು ಮುದಿ ಕೀಲುಗಳು ತಡೆಯಬಲ್ಲವೇ ಎಂಬುದನ್ನು ವೈದ್ಯರೇ ಹೇಳಬೇಕಾದ್ದರಿಂದ, ಊರಿನಲ್ಲೇ ಸಿಗುವ ಸಾಧಾರಣ ಮನೆ ಹಲವು ಬಾರಿ ಹೆಚ್ಚು ಒಳ್ಳೆಯದು.

ಹಂತ 6: ಮಾತುಕತೆ ಮತ್ತು ಮನೆ ಭೇಟಿ

ಆಸಕ್ತರೊಂದಿಗೆ ಮೊದಲು ಫೋನಿನಲ್ಲಿ, ಅನಂತರ ಅವರ ಮನೆಯಲ್ಲಿ ಮಾತನಾಡಬೇಕು. ಮನೆಯ ಎಲ್ಲ ಸದಸ್ಯರಿಗೂ ಒಪ್ಪಿಗೆ ಇದೆಯೇ, ಹಗಲಿನಲ್ಲಿ ಯಾರಿರುತ್ತಾರೆ, ಊರಿಗೆ ಹೋಗುವಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ನಾಯಿ ರಾತ್ರಿ ಎಲ್ಲಿ ಮಲಗುತ್ತದೆ, ಹತ್ತಿರದ ಪಶುವೈದ್ಯರು ಎಷ್ಟು ದೂರ, ಹಿಂದೆ ಸಾಕಿದ ಪ್ರಾಣಿಗಳು ಏನಾದವು ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಮನೆಗೆ ಹೋದಾಗ ಕಾಂಪೌಂಡಿನ ಎತ್ತರ, ಗೇಟಿನ ಸಂದು, ಮೆಟ್ಟಿಲುಗಳ ಸಂಖ್ಯೆ, ಲಿಫ್ಟ್ ಇದೆಯೇ ಎಂಬುದು, ನೆಲದ ನುಣುಪು ಇವನ್ನು ಗಮನಿಸಬೇಕು. ಮೂರನೆಯ ಮಹಡಿಯಲ್ಲಿ ಲಿಫ್ಟ್ ಇಲ್ಲದ ಮನೆಯವರು ಎಷ್ಟೇ ಒಳ್ಳೆಯವರಾದರೂ ಸೊಂಟ ಮುರಿದ ನಾಯಿಗೆ ಆ ಮನೆ ಹೊಂದುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರುವುದು ಕ್ಷೇಮ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ.

ಕೆಲವು ಉತ್ತರಗಳು ಬಂದಾಗ ಎಚ್ಚರಾಗಬೇಕು. ತೋಟ ಕಾಯಲು ನಾಯಿ ಬೇಕೆನ್ನುವವರು, ಸರಪಳಿಯಲ್ಲಿ ಕಟ್ಟಿಹಾಕುವುದಾಗಿ ಹೇಳುವವರು, ಮನೆ ಭೇಟಿಗೆ ಒಪ್ಪದವರು, ಇಂದೇ ಕೊಡಿ ಎಂದು ಅವಸರಿಸುವವರು, ಮತ್ತೊಬ್ಬರಿಗೆ ಉಡುಗೊರೆ ಕೊಡಲು ಕೇಳುವವರು ಸೂಕ್ತರಲ್ಲ. ಮರುಕದಿಂದ ಕಣ್ಣೀರಿಡುವವರು ಮಾತ್ರೆಯ ವೇಳೆ, ಮೂತ್ರದ ಸಮಸ್ಯೆ, ವೈದ್ಯರ ಖರ್ಚಿನ ಬಗ್ಗೆ ಏನನ್ನೂ ಕೇಳದಿದ್ದರೆ ಅವರಿಗೆ ಆಲೋಚಿಸಲು ಒಂದು ವಾರ ಕೊಡುವುದು ಒಳ್ಳೆಯದು. ನೂರೆಂಟು ಪ್ರಶ್ನೆ ಕೇಳುವ, ಅನುಮಾನಗಳನ್ನು ನೇರವಾಗಿ ಹೇಳುವ ಕುಟುಂಬ ಸಾಮಾನ್ಯವಾಗಿ ಕೊನೆಯವರೆಗೆ ನಿಲ್ಲುತ್ತದೆ.

ಹಂತ 7: ಒಪ್ಪಂದ ಮತ್ತು ದಾಖಲೆಗಳು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಲುಕುವಂತೆ ತೊರೆದುಹೋಗುವುದು ಅಪರಾಧ. ಆದರೆ ಮೊದಲ ಬಾರಿಯ ಅಪರಾಧಕ್ಕೆ ವಿಧಿಸಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಕಾನೂನಿನ ಹಿಡಿತ ಇಷ್ಟು ಸಡಿಲವಾಗಿರುವಾಗ ಲಿಖಿತ ಒಪ್ಪಂದ ಹಾಗೂ ನಿರಂತರ ಸಂಪರ್ಕವೇ ನಾಯಿಗಿರುವ ನಿಜವಾದ ರಕ್ಷಣೆ. ಒಪ್ಪಂದದಲ್ಲಿ ಎರಡೂ ಕಡೆಯವರ ಗುರುತಿನ ಪತ್ರದ ವಿವರ, ನಾಯಿಯ ಆರೋಗ್ಯದ ಸಾರಾಂಶ, ಮನೆಯೊಳಗೆ ಇರಿಸಿಕೊಳ್ಳುವ ಹಾಗೂ ಕಟ್ಟಿಹಾಕದಿರುವ ವಚನ, ಬೇರೆಯವರಿಗೆ ಹಸ್ತಾಂತರಿಸಬಾರದೆಂಬ ಷರತ್ತು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದೇ ಕಾರಣಕ್ಕೆ ಸಾಕಲಾಗದಿದ್ದರೆ ನಾಯಿಯನ್ನು ಕೊಟ್ಟವರಿಗೇ ಮರಳಿಸಬೇಕೆಂಬ ಮಾತು ಅದರಲ್ಲಿರಬೇಕು. ಮರಳಿಸಿದವರನ್ನು ನಿಂದಿಸುವುದಿಲ್ಲವೆಂಬ ಭರವಸೆಯನ್ನೂ ಕೊಡಬೇಕು, ಏಕೆಂದರೆ ನಿಂದೆಗೆ ಹೆದರಿದವರೇ ರಾತ್ರೋರಾತ್ರಿ ನಾಯಿಯನ್ನು ಎಲ್ಲೋ ಬಿಟ್ಟುಬರುತ್ತಾರೆ.

ಲಸಿಕಾ ಪುಸ್ತಕ, ಎಕ್ಸ್-ರೇ, ರಕ್ತ ಪರೀಕ್ಷೆಯ ವರದಿ, ಔಷಧದ ಚೀಟಿ, ಸ್ವಭಾವದ ಟಿಪ್ಪಣಿ ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ಒಪ್ಪಿಸಬೇಕು. ದುಬಾರಿ ಚಿಕಿತ್ಸೆ ನಡೆಯುತ್ತಿದ್ದರೆ ಅದರ ಖರ್ಚನ್ನು ಎಷ್ಟು ಕಾಲ, ಯಾರು ಭರಿಸುತ್ತಾರೆ ಎಂಬುದನ್ನು ಆಗಲೇ ಮಾತನಾಡಿ ಬರೆದಿಡುವುದರಿಂದ ಮುಂದೆ ಮನಸ್ತಾಪ ತಪ್ಪುತ್ತದೆ.

ಹಂತ 8: ಹೊಸ ಮನೆಯ ಮೊದಲ ದಿನಗಳು

ನಾಯಿ ಬರುವ ಮುನ್ನ ಮನೆಯಲ್ಲಿ ಸಣ್ಣಪುಟ್ಟ ಸಿದ್ಧತೆ ಆಗಬೇಕು. ನಾಯಿ ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಅಥವಾ ಗೋಣಿಚೀಲ ಹಾಸುವುದು, ಒಂದೆರಡು ಮೆಟ್ಟಿಲಿದ್ದರೆ ಇಳಿಜಾರು ಹಲಗೆ ಇಡುವುದು, ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿಡುವುದು, ದಪ್ಪನೆಯ ಹಾಸಿಗೆಯನ್ನು ಗಾಳಿ ಬೀಸದ ಮೂಲೆಯಲ್ಲಿ ಹಾಕುವುದು ಇಷ್ಟರಿಂದಲೇ ಹಳೆಯ ಗಾಯದ ನಾಯಿಗೆ ಬಹಳ ನೆಮ್ಮದಿ ಸಿಗುತ್ತದೆ. ಮೊದಲ ವಾರ ಅದು ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿ, ಅನಂತರ ನಿಧಾನವಾಗಿ ಬದಲಿಸಬೇಕು. ರಾಗಿ ಅಂಬಲಿ, ಅನ್ನ, ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸ ತಿಂದು ಬೆಳೆದ ನಾಯಿಗೆ ಅವು ಒಗ್ಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷಕಾರಿ, ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ಮೊದಲ ಕೆಲವು ದಿನಗಳಲ್ಲಿ ನಾಯಿ ತಪ್ಪಿಸಿಕೊಳ್ಳುವ ಅಪಾಯ ಹೆಚ್ಚು. ಹೆದರಿದ ನಾಯಿ ಹಿಂದಕ್ಕೆ ಎಳೆದುಕೊಂಡರೆ ಕೊರಳ ಬೆಲ್ಟ್ ತಲೆಯ ಮೂಲಕ ಜಾರಿಬಿಡುವುದರಿಂದ, ಎದೆ ಮತ್ತು ಬೆನ್ನನ್ನು ಬಳಸಿ ಕಟ್ಟುವ ಹಾರ್ನೆಸ್ ಹಾಕಿ, ಬೆಲ್ಟಿಗೂ ಹಾರ್ನೆಸ್‌ಗೂ ಬೇರೆ ಬೇರೆ ಹಗ್ಗ ಸೇರಿಸಿ ಹಿಡಿದುಕೊಳ್ಳಬೇಕು. ಬೆಲ್ಟಿನ ಮೇಲೆ ಫೋನ್ ಸಂಖ್ಯೆಯಿರುವ ಬಿಲ್ಲೆ ಮೊದಲ ದಿನದಿಂದಲೇ ಇರಲಿ. ದೀಪಾವಳಿ ಹತ್ತಿರವಿದ್ದರೆ ಪಟಾಕಿಯ ಸದ್ದು ಅಡಗುವವರೆಗೆ ಸ್ಥಳಾಂತರ ಮುಂದೂಡುವುದೇ ವಿವೇಕ.

ನಾಯಿ ಹೊಂದಿಕೊಳ್ಳುವುದರ ಬಗ್ಗೆ ರಕ್ಷಕರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಅಂದಾಜನ್ನು ಬಳಸುತ್ತಾರೆ. ಮೊದಲ ಮೂರು ದಿನ ಅದು ಗಾಬರಿಯಲ್ಲಿರುತ್ತದೆ, ಊಟ ಬಿಡಬಹುದು, ಒಳಗೇ ಮೂತ್ರ ಮಾಡಬಹುದು. ಮೂರು ವಾರಗಳಲ್ಲಿ ಮನೆಯ ದಿನಚರಿ ಕಲಿಯುತ್ತದೆ, ಮೂರು ತಿಂಗಳಲ್ಲಿ ಮನೆ ತನ್ನದೆಂದು ನಂಬುತ್ತದೆ. ಇದು ಕಟ್ಟಳೆಯಲ್ಲ, ಮುದಿ ನಾಯಿಗೆ ಇನ್ನೂ ಹೆಚ್ಚು ಕಾಲ ಹಿಡಿದರೆ ಆಶ್ಚರ್ಯವಿಲ್ಲ.

ಹಂತ 9: ಕೊಟ್ಟ ಮೇಲಿನ ಹೊಣೆ

ಮೊದಲ ವಾರ ದಿನವೂ, ಮೊದಲ ತಿಂಗಳು ವಾರಕ್ಕೊಮ್ಮೆ, ಅನಂತರ ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುವ ಪದ್ಧತಿಯನ್ನು ಮೊದಲೇ ಹೇಳಿಟ್ಟರೆ ಅದನ್ನು ಯಾರೂ ಶಂಕೆಯೆಂದು ಭಾವಿಸುವುದಿಲ್ಲ. ಕುಂಟು ಹೆಚ್ಚಾಗಿದೆ, ನಾಯಿ ಊಟ ಬಿಟ್ಟಿದೆ, ನೀರು ವಿಪರೀತ ಕುಡಿಯುತ್ತಿದೆ ಎಂಬ ಮಾತುಗಳಿಗೆ ತಕ್ಷಣ ಸ್ಪಂದಿಸಿ ವೈದ್ಯರಲ್ಲಿಗೆ ಕಳಿಸಬೇಕು, ಏಕೆಂದರೆ ಹಳೆಯ ಸಂಗತಿ ತಿಳಿದಿರುವುದು ಕೊಟ್ಟವರಿಗೇ. ಹೊಂದಾಣಿಕೆ ಸಾಧ್ಯವಾಗದೆ ನಾಯಿ ಮರಳಿದರೂ ಆ ಪ್ರಯತ್ನ ವ್ಯರ್ಥವಲ್ಲ. ಅದು ಯಾವ ಮನೆಯಲ್ಲಿ ಇರಲಾರದು ಎಂಬುದು ತಿಳಿದಿರುತ್ತದೆ, ಆ ತಿಳಿವಳಿಕೆಯನ್ನು ಪರಿಚಯದ ಬರಹಕ್ಕೆ ಸೇರಿಸಿ ಹುಡುಕಾಟ ಮುಂದುವರಿಸಬೇಕು.

ತಿಂಗಳುಗಳು ಕಳೆದರೂ ಮನೆ ಸಿಗದ ನಾಯಿಗಳು ಇದ್ದೇ ಇರುತ್ತವೆ. ಅಂಥವಕ್ಕೆ ಫಾಸ್ಟರ್ ಮನೆಯೇ ಕಾಯಂ ಆಗಿ, ಔಷಧ ಹಾಗೂ ಆಹಾರದ ಖರ್ಚನ್ನು ನಾಲ್ಕೈದು ಜನ ಹಂಚಿಕೊಳ್ಳುವ ಏರ್ಪಾಡು ಮಾಡಬಹುದು. ಔಷಧಕ್ಕೂ ಬಗ್ಗದ ನೋವಿನಲ್ಲಿ ನಾಯಿ ನರಳುತ್ತಿದ್ದರೆ ದಯಾಮರಣದ ತೀರ್ಮಾನವನ್ನು ಪಶುವೈದ್ಯರೊಂದಿಗೆ ಕೂತು ಮಾಡಬೇಕು, ಆದರೆ ಮನೆ ಸಿಗಲಿಲ್ಲವೆಂಬುದು ಅದಕ್ಕೆ ಎಂದೂ ಕಾರಣವಾಗಬಾರದು.

ಈ ಹುಡುಕಾಟದಲ್ಲಿ ಬೇಡವೆನ್ನುವವರೇ ಹೆಚ್ಚು, ಅದರಿಂದ ರಕ್ಷಿಸಿದವರ ಮನಸ್ಸು ಕುಗ್ಗುವುದು ಸಹಜ. ಆದರೆ ನಾಯಿಯ ವಯಸ್ಸನ್ನೂ ಗಾಯವನ್ನೂ ತಿಳಿದು ಬೇಡವೆಂದ ಪ್ರತಿಯೊಬ್ಬರೂ ಆ ನಾಯಿಯನ್ನು ಒಂದು ತಪ್ಪು ಮನೆಯಿಂದ ಉಳಿಸಿರುತ್ತಾರೆ. ಎಲ್ಲವನ್ನೂ ತಿಳಿದು ಬೇಕೆನ್ನುವ ಒಂದೇ ಕುಟುಂಬ ಸಿಕ್ಕರೆ ಸಾಕು, ನಾಯಿಗೆ ಬೇಕಿರುವುದು ಅಷ್ಟೇ.